ಕರಿಗುಡ್ಡ, ಬಿಳಿಗುಡ್ಡ

ಹಿಂದಿನ ರಾತ್ರಿ ತಾತ, ಮೊಮ್ಮಗಳು ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತು ಡೇವಿಡ್ ಲೀನನ ‘ಎ ಪ್ಯಾಸೇಜ್ ಟು ಇಂಡಿಯಾ’ ನೋಡಿ ಮುಗಿಸಿದ್ದರು. ನಾನು ಕೋರ್ಟಿನ ದೃಶ್ಯ ಬರುವಷ್ಟರಲ್ಲಿ ನಿದ್ದೆ ಹೋಗಿದ್ದೆ. ಬೆಳಿಗ್ಗೆ ಕಾರಿನಲ್ಲಿ ಸಾವನದುರ್ಗಕ್ಕೆ ಹೊರಟಾಗ ಹಿಂದಿನ ಸೀಟಿನಲ್ಲಿ ಆ ಸಿನಿಮಾದ ಜಗಳ ಇನ್ನೂ ಮುಗಿದಿರಲಿಲ್ಲ. ತಾತ ಎಂದರೆ ನನ್ನ ತಂದೆ. 1984ರ ಆಸುಪಾಸಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ಚಿತ್ರಕ್ಕೆಂದು ಒಂದು ಬಜಾರು ಎದ್ದಾಗ, ಪೇಟ ಸುತ್ತಿಕೊಂಡು ಗುಂಪಿನಲ್ಲಿ ನಿಂತವರು. ಮೊಮ್ಮಗಳು ನನ್ನ ತಮ್ಮನ ಮಗಳು, ಸಿನಿಮಾ ಓದುತ್ತಿರುವವಳು. ಸ್ಟೀರಿಂಗ್ ಹಿಡಿದವನಿಗೆ ಬಾಯಿ ಹಾಕುವ ಹಕ್ಕಿಲ್ಲವೆಂದು ಇಬ್ಬರೂ ಮೊದಲೇ ತೀರ್ಮಾನಿಸಿದ್ದರು.

ಆ ಸಿನಿಮಾಕ್ಕೆ ಮೂಲ ಫಾರ್ಸ್ಟರ್ ಬರೆದ ಕಾದಂಬರಿ. ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. 1920ರ ಸುಮಾರಿನ ಚಂದ್ರಪುರ ಎಂಬ ಕಲ್ಪಿತ ಊರು. ಅಲ್ಲಿನ ಆಸ್ಪತ್ರೆಯ ಡಾಕ್ಟರ್ ಅಜೀಜ್‌ಗೂ ಕಾಲೇಜಿನ ಪ್ರಿನ್ಸಿಪಾಲ್ ಫೀಲ್ಡಿಂಗ್‌ಗೂ ಸ್ನೇಹವಾಗುತ್ತದೆ. ಇಂಗ್ಲೆಂಡಿನಿಂದ ಬಂದ ಮುದುಕಿ ಮಿಸೆಸ್ ಮೂರ್, ಅವಳಿಗೆ ಸೊಸೆಯಾಗಬೇಕಾದ ಅಡೆಲಾ ಇಬ್ಬರನ್ನೂ ಅಜೀಜ್ ಮರಬಾರ್ ಗುಹೆ ತೋರಿಸಲು ಕರೆದುಕೊಂಡು ಹೋಗುತ್ತಾನೆ. ಗುಹೆಯೊಳಗೆ ಏನೋ ಆಗುತ್ತದೆ, ಅಥವಾ ಏನೂ ಆಗುವುದಿಲ್ಲ. ಅಡೆಲಾ ಓಡಿ ಬರುತ್ತಾಳೆ, ಅಜೀಜ್ ಜೈಲು ಸೇರುತ್ತಾನೆ, ಕೊನೆಗೆ ಕಟಕಟೆಯಲ್ಲಿ ಅವಳೇ ತನ್ನ ದೂರು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ.

ಮೊಮ್ಮಗಳು: ನೀವೇನೇ ಹೇಳಿ ತಾತ, ಕೊನೆ ಕೆಡಿಸಿಬಿಟ್ಟಿದ್ದಾನೆ. ಫಾರ್ಸ್ಟರ್ ಕಾದಂಬರೀಲಿ ಅಜೀಜ್, ಫೀಲ್ಡಿಂಗ್ ಇಬ್ರೂ ಕುದುರೆ ಮೇಲೆ ಹೋಗ್ತಾ ಇರ್ತಾರೆ. ಸ್ನೇಹಿತರಾಗೇ ಉಳೀಬೇಕು ಅಂತ ಇಬ್ರಿಗೂ ಆಸೆ ಇದೆ. ಆದ್ರೆ ಕುದುರೆಗಳೇ ಒಪ್ಪಲ್ಲ, ನಿಂತ ನೆಲವೇ ಒಪ್ಪಲ್ಲ. ಈಗ ಆಗಲ್ಲ, ಇಲ್ಲಿ ಆಗಲ್ಲ ಅಂತ ಮುಗಿಯತ್ತೆ. ಲೀನ್ ಏನು ಮಾಡಿದ? ಕಾಶ್ಮೀರಕ್ಕೆ ಕರ್ಕೊಂಡು ಹೋಗಿ, ಹಿಮದ ಬೆಟ್ಟ ತೋರಿಸಿ, ಇಬ್ರನ್ನೂ ಒಂದು ಮಾಡಿಬಿಟ್ಟ.

ತಾತ: ಒಂದು ಮಾಡಿದ್ರೆ ತಪ್ಪೇನಮ್ಮ? ಜೈಲಿಗೆ ಹೋಗಿ ಬಂದೋನು ಅಜೀಜ್. ಅವನೇ ಕೂತು ಆ ಹುಡುಗಿಗೆ ಕಾಗದ ಬರೀತಾನೆ. ಅವಳು ಲಂಡನ್ನಿನಲ್ಲಿ ಮಳೆ ನೋಡ್ತಾ ನಿಂತಿರ್ತಾಳೆ. ಸಿನಿಮಾ ಶುರುವಾಗಿದ್ದೂ ಲಂಡನ್ನಿನ ಮಳೇಲೇ, ಹಡಗಿನ ಟಿಕೆಟ್ ತಗೊಳ್ಳೋವಾಗ. ನಂಗೆ ಗಂಟಲು ಕಟ್ಟಿತು ನೋಡು.

ಮೊಮ್ಮಗಳು: ಅದೇ ನನ್ನ ತಕರಾರು. ನಿಮ್ಮ ಗಂಟಲು ಕಟ್ಟಲಿ ಅಂತಲೇ ಮಾಡಿದ್ದು. ಕಾದಂಬರಿ ಬಂದಿದ್ದು 1924ರಲ್ಲಿ. ಜಲಿಯನ್‌ವಾಲಾ ಬಾಗ್ ಆಗಿ ಐದೇ ವರ್ಷ. ಅಮೃತಸರದಲ್ಲಿ ಮಿಷನರಿ ಹೆಂಗಸೊಬ್ಬಳ ಮೇಲೆ ಹಲ್ಲೆ ಆಯ್ತು ಅಂತ ಡಯರ್ ಏನು ಮಾಡಿದ? ಆ ಬೀದೀಲಿ ಹೋಗೋ ಇಂಡಿಯನ್ನರು ತೆವಳ್ಕೊಂಡೇ ಹೋಗಬೇಕು ಅಂತ ಹುಕುಂ ಹೊರಡಿಸಿದ. ಕಾದಂಬರೀಲಿ ಕಲೆಕ್ಟರ್ ಹೆಂಡ್ತಿ ಬಾಯಲ್ಲೂ ಅದೇ ಬರತ್ತೆ, ಮೇಮ್‌ಸಾಬ್ ಕಂಡ ಕೂಡಲೇ ಇವರು ಗುಹೆವರೆಗೂ ತೆವಳಬೇಕು ಅಂತ. ಓದೋರಿಗೆಲ್ಲ ಅದು ಎಲ್ಲಿಂದ ಬಂತು ಅಂತ ಗೊತ್ತಿತ್ತು. ಗಾಯ ಇನ್ನೂ ಹಸಿಯಾಗಿದ್ದಾಗ ‘ಸ್ನೇಹ ಈಗ ಆಗಲ್ಲ’ ಅಂತ ಬರೆದವನು ಅವನು. ಅರವತ್ತು ವರ್ಷ ಬಿಟ್ಟು ಬಂದು ‘ಆಗತ್ತೆ ಬಿಡಿ’ ಅಂತಾನೆ ಇವನು.

ತಾತ: ಅರವತ್ತು ವರ್ಷ ಆದ್ಮೇಲೂ ಆಗಲ್ಲ ಅನ್ನಬೇಕಿತ್ತಾ?

ಮೊಮ್ಮಗಳು: ಯಾರು ಹೇಳ್ತಿದ್ದಾರೆ ಅನ್ನೋದು ಮುಖ್ಯ ತಾತ. ‘ಗಾಂಧಿ’ 1982, ‘ಹೀಟ್ ಅಂಡ್ ಡಸ್ಟ್’ 1983, ಅದರ ಬೆನ್ನಿಗೇ ಟೀವೀಲಿ ‘ಜ್ಯುವೆಲ್ ಇನ್ ದ ಕ್ರೌನ್’, ‘ಫಾರ್ ಪೆವಿಲಿಯನ್ಸ್’. ಆ ಎರಡು ಮೂರು ವರ್ಷ ಇಂಗ್ಲೆಂಡಿಗೆ ತನ್ನ ಹಳೇ ಸಾಮ್ರಾಜ್ಯದ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿತ್ತು. ಸಲ್ಮಾನ್ ರಶ್ದಿ ಆಗಲೇ ಅದನ್ನ ಹಿಡಿದು ಬೈದಿದ್ದ. ಈ ಚಿತ್ರದ ನಿರ್ಮಾಪಕ ಲಾರ್ಡ್ ಬ್ರೇಬರ್ನ್ ಯಾರು ಗೊತ್ತಾ? ಕೊನೇ ವೈಸರಾಯ್ ಮೌಂಟ್‌ಬ್ಯಾಟನ್ನನ ಅಳಿಯ.

ತಾತ: ಅಳಿಯ ಆದ್ರೇನು, ದುಡ್ಡು ಹಾಕಿದ. ಚಿತ್ರದಲ್ಲಿ ಅವನ ಜನ ಎಲ್ಲಿ ದೊಡ್ಡವರಾಗಿ ಕಾಣ್ತಾರೆ ಹೇಳು? ಬ್ರಿಜ್ ಪಾರ್ಟಿ ಅಂತ ಕರೀತಾರೆ. ನಮ್ಮೋರು ಒಂದು ಕಡೆ ಕೋಟು ಸೀರೆ ಸರಿ ಮಾಡ್ಕೊಂಡು ನಿಂತಿದ್ದಾರೆ, ಅವರು ಇನ್ನೊಂದು ಕಡೆ. ನಡುವೆ ಹುಲ್ಲುಹಾಸು. ಯಾರೂ ದಾಟಲ್ಲ. ನಂಗೆ ನಮ್ಮ ಬೆಂಗಳೂರೇ ನೆನಪಾಯ್ತು. ಈ ಕಡೆ ಪೇಟೆ, ಆ ಕಡೆ ದಂಡು, ನಡುವೆ ಕಬ್ಬನ್ ಪಾರ್ಕು. ನಮ್ಮಪ್ಪ ದಿನಾ ಆ ಪಾರ್ಕು ದಾಟಿ ದಂಡಿಗೆ ಗುಮಾಸ್ತಗಿರಿಗೆ ಹೋಗೋರು.

ಮೊಮ್ಮಗಳು: ಹೋಗೋರು ಸರಿ. ಆ ಕಡೆಯೋರು ಈ ಕಡೆ ಬರ್ತಿದ್ರಾ?

ತಾತ: ಬಂದಿದ್ದ ಒಬ್ಬ. ಹೇಳ್ತೀನಿ ಇರು.

ಹೇಳಲಿಲ್ಲ. ತಾವರೆಕೆರೆಯಲ್ಲಿ ಇಡ್ಲಿಗೆ ನಿಲ್ಲಿಸಿದೆವು. ಚಟ್ನಿ ಚೆನ್ನಾಗಿದ್ದರೆ ನಮ್ಮ ತಂದೆ ಇತಿಹಾಸವನ್ನು ಮುಂದಕ್ಕೆ ಹಾಕುತ್ತಾರೆ.

ಮೊಮ್ಮಗಳು: ಆ ಚಿತ್ರದಲ್ಲಿ ನಂಗೆ ಇಷ್ಟವಾಗಿದ್ದು ಗುಹೆ ಅಲ್ಲ, ಕಾಲರ್ ಗುಂಡಿ. ಆಗಿನ ಷರಟಿಗೆ ಕಾಲರ್ ಬೇರೆ ಇರ್ತಿತ್ತು. ಹಿಂದುಗಡೆ ಒಂದು ಗುಂಡಿ ಸಿಕ್ಕಿಸಿ ನಿಲ್ಲಿಸಬೇಕು. ಫೀಲ್ಡಿಂಗ್ ಸ್ನಾನ ಮಾಡಿ ಬಟ್ಟೆ ಹಾಕ್ಕೋತಾ ಇರ್ತಾನೆ, ಅವನ ಗುಂಡಿ ಮುರಿದಿದೆ. ಅಜೀಜ್ ಮೊದಲನೇ ಸಲ ಮನೆಗೆ ಬಂದಿದ್ದಾನೆ. ನನ್ನ ಹತ್ರ ಇನ್ನೊಂದಿದೆ ಅಂತ ಸುಳ್ಳು ಹೇಳಿ, ಆ ಕಡೆ ತಿರುಗಿ, ತನ್ನ ಕುತ್ತಿಗೆಯದನ್ನೇ ಕಿತ್ತು ಕೊಡ್ತಾನೆ. ಅಷ್ಟೇ. ಸ್ನೇಹ ಅಂದ್ರೆ ಅದು. ಆಮೇಲೆ ಅಡೆಲಾಳನ್ನ ಮದುವೆ ಆಗಬೇಕಾದ ಮ್ಯಾಜಿಸ್ಟ್ರೇಟ್ ಇದಾನಲ್ಲ, ರಾನಿ, ಅವನು ಏನಂತಾನೆ? ಎಷ್ಟೇ ಟೈ ಕಟ್ಟಿದ್ರೂ ಅಜೀಜ್ ಕಾಲರ್ ಗುಂಡಿ ಮರೆತು ಬಂದಿದ್ದಾನೆ, ಇಂಡಿಯನ್ನರೇ ಹೀಗೆ, ಸಣ್ಣ ವಿಷಯದಲ್ಲೆಲ್ಲ ಅಶಿಸ್ತು ಅಂತ.

ತಾತ: ಕೊಟ್ಟೋನಿಗೂ ಗೊತ್ತು, ತಗೊಂಡೋನಿಗೂ ಗೊತ್ತು. ನೋಡಿದೋನಿಗೆ ಗೊತ್ತಿಲ್ಲ.

ಮೊಮ್ಮಗಳು: ಅದಕ್ಕೇ ಹೇಳ್ತಿರೋದು. ಇಬ್ಬರ ನಡುವಿನ ಪ್ರೀತಿ ಸಾಕಾಗಲ್ಲ. ರಾಜ್ಯಭಾರ ಮಾಡೋನು ಮೂರನೆಯವನು. ನೀವು ಕೊಟ್ಟ ಉಡುಗೊರೇನೇ ನಿಮ್ಮ ಮೇಲಿನ ಆರೋಪಪಟ್ಟಿ ಮಾಡ್ತಾನೆ ಅವನು.

ತಾತ: ಸರಿ, ಒಪ್ಪಿದೆ. ಆದ್ರೆ ಆ ಗುಂಡಿ ಕೊಟ್ಟಿದ್ದು ಸುಳ್ಳಾಯ್ತಾ? ನಿನ್ನ ಮಾತು ಕೇಳಿದ್ರೆ, ರಾನಿ ನೋಡ್ದ ತಕ್ಷಣ ಅಜೀಜ್ ಕೊಟ್ಟಿದ್ದು ಇಲ್ಲವೇ ಇಲ್ಲ ಅನ್ನೋ ಹಾಗಾಯ್ತು. ಫೀಲ್ಡಿಂಗ್ ಮುಂದೆ ಏನು ಮಾಡಿದ? ಕ್ಲಬ್ಬಿಗೆ ರಾಜೀನಾಮೆ ಬಿಸಾಕಿ ಬಂದ. ತನ್ನ ಜನ ಎಲ್ಲಾ ಒಂದು ಕಡೆ ನಿಂತಾಗ ಒಬ್ಬನೇ ಎದ್ದು ಹೊರಗೆ ಬರೋದು ಎಷ್ಟು ಕಷ್ಟ ಗೊತ್ತಾ ನಿಂಗೆ? ನಿನ್ನ ವಾಟ್ಸ್ಯಾಪ್ ಗುಂಪಿನಿಂದ ಆಚೆ ಬರೋಕೆ ನಿನ್ನ ಕೈಲಿ ಆಗಲ್ಲ.

(ಈ ಏಟು ಬಿದ್ದದ್ದು ಕನ್ನಡಿಯಲ್ಲಿ ಕಂಡಿತು. ಹುಡುಗಿ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದಳು.)

ಮೊಮ್ಮಗಳು: ಫಾರ್ಸ್ಟರ್‌ಗೂ ಒಬ್ಬ ಅಜೀಜ್ ಇದ್ದ. ಸೈಯದ್ ರಾಸ್ ಮಸೂದ್, ಅಲೀಘಡದ ಸರ್ ಸೈಯದ್ ಅಹ್ಮದ್ ಖಾನರ ಮೊಮ್ಮಗ. 1906ರಲ್ಲಿ ಇವನು ಅವನಿಗೆ ಲ್ಯಾಟಿನ್ ಪಾಠ ಹೇಳಿಕೊಡೋಕೆ ಹೋದ. ಸ್ನೇಹ ಆಯ್ತು. ಸ್ನೇಹ ಏನು, ಇವನಿಗೆ ಅವನ ಮೇಲೆ ಪ್ರೀತಿಯೇ ಇತ್ತು, ಅವನಿಗೆ ಇರಲಿಲ್ಲ. 1912ರಲ್ಲಿ ಇಂಡಿಯಾಕ್ಕೆ ಬಂದಿದ್ದೇ ಅವನನ್ನ ನೋಡೋಕೆ. ಬಂಕಿಪುರಕ್ಕೆ ಹೋದ, ಅದೇ ಚಂದ್ರಪುರ ಆಯ್ತು. ಗಯಾ ಹತ್ರದ ಬರಾಬರ್ ಗುಹೆಗಳಿಗೆ ಹೋದ, ಅವೇ ಮರಬಾರ್ ಆದವು. ಪುಸ್ತಕ ಮಸೂದ್‌ಗೇ ಅರ್ಪಣೆ. ಅಂಥ ಸ್ನೇಹ ಕೈಯಲ್ಲಿಟ್ಕೊಂಡೂ ಅವನು ಕೊನೇ ಪುಟದಲ್ಲಿ ‘ಇನ್ನೂ ಇಲ್ಲ’ ಅಂತಲೇ ಬರೆದ. ಅದು ಧೈರ್ಯ.

ತಾತ: ಮಸೂದ್ ಯಾವಾಗ ಹೋದ?

ಮೊಮ್ಮಗಳು: 1937.

ತಾತ: ಸ್ವಾತಂತ್ರ್ಯಕ್ಕೆ ಹತ್ತು ವರ್ಷ ಮುಂಚೆ. ಹಾಗಾದ್ರೆ ಅವರಿಬ್ರಿಗೆ ಆ ‘ಆಮೇಲೆ’ ಬರಲೇ ಇಲ್ಲ. ದೇಶ ಸ್ವತಂತ್ರ ಆಗಲಿ, ಆಮೇಲೆ ಸ್ನೇಹ ಮಾಡೋಣ ಅಂದ್ರೆ ಆಯಸ್ಸು ಕಾಯಲ್ಲ ಮಗಳೇ. ಇದ್ದ ದಿನದಲ್ಲೇ ಎಷ್ಟಾಗತ್ತೋ ಅಷ್ಟು ಮಾಡ್ಕೊಬೇಕು. ಲೀನ್‌ಗೂ ಆಗ ಎಪ್ಪತ್ತು ದಾಟಿತ್ತು. ಹದಿನಾಲ್ಕು ವರ್ಷ ಸಿನಿಮಾ ಮಾಡದೆ ಕೂತಿದ್ದೋನು, ಇದೇ ಕೊನೇದು ಮಾಡಿದ. ಮುದುಕರು ರಾಜಿ ಮಾಡಿಸ್ತಾರೆ. ವಯಸ್ಸಿನ ದೋಷ ಅನ್ನು ಬೇಕಾದ್ರೆ.

ಮೊಮ್ಮಗಳು: ಮುದುಕರು ಮುಖಕ್ಕೆ ಬಣ್ಣಾನೂ ಬಳೀತಾರೆ. ಪ್ರೊಫೆಸರ್ ಗೋಡ್‌ಬೋಲೆ ಪಾತ್ರಕ್ಕೆ ಆಲೆಕ್ ಗಿನ್ನೆಸ್! ಬ್ರಿಟಿಷ್ ನಟನಿಗೆ ಕಂದು ಬಣ್ಣ ಹಚ್ಚಿ, ನಾಮ ಎಳೆದು, ಕಾಲು ಮಡಚಿ ಕೂರಿಸಿದ್ದಾರೆ. ಪೂರ್ವಗ್ರಹದ ಬಗ್ಗೆ ಸಿನಿಮಾ ಮಾಡ್ತಾ!

ತಾತ: ನಮ್ಮ ಕಂಪನಿ ನಾಟಕದಲ್ಲಿ ಗಂಡಸರೇ ಹೆಣ್ಣು ವೇಷ ಹಾಕ್ತಿರಲಿಲ್ವಾ?

ಮೊಮ್ಮಗಳು: ಹೆಂಗಸರನ್ನ ರಂಗಕ್ಕೆ ಬಿಡದೇ ಇದ್ದ ಕಾಲದಲ್ಲಿ ತಾತ. ಅದನ್ನೇ ಸಮರ್ಥನೆ ಅಂತ ತರ್ತಿದ್ದೀರಲ್ಲ! 1984ರಲ್ಲಿ ಇಂಡಿಯಾದಲ್ಲಿ ನಟರಿಗೆ ಬರಗಾಲ ಬಂದಿತ್ತಾ? ಅದೇ ಚಿತ್ರದಲ್ಲಿ ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಷನ್ ಸೇಠ್ ಎಲ್ಲಾ ಇದ್ದಾರೆ.

ತಾತ: ಅದು ಸರಿ. ಅದಕ್ಕೆ ಉತ್ತರ ಇಲ್ಲ. ಆದ್ರೂ ರಾತ್ರಿ ರೈಲು ಹೊರಟಾಗ ಆ ಗೋಡ್‌ಬೋಲೆ ಪ್ಲಾಟ್‌ಫಾರಂನಲ್ಲಿ ನಿಂತು ಕೈಯೆತ್ತಿ ಮಿಸೆಸ್ ಮೂರ್‌ಗೆ ಮುಗೀತಾನಲ್ಲ. ಆಕೆ ಇನ್ನು ಬದುಕಲ್ಲ ಅಂತ ಅವನೊಬ್ಬನಿಗೇ ಗೊತ್ತಿರೋ ಹಾಗೆ. ಆಗ ಬಣ್ಣ ಮರೆತೇ ಹೋಯ್ತು ನಂಗೆ.

ಮೊಮ್ಮಗಳು: ನಂಗೆ ಮರೀಲಿಲ್ಲ.

ನಾನು ಬಾಯಿ ಹಾಕಿದ್ದು ಇಲ್ಲಿ, ಒಂದೇ ಸಲ. ಚಿತ್ರದ ಶೀರ್ಷಿಕೆ ಸಾಲುಗಳಲ್ಲಿ ಕಾದಂಬರಿಯ ಜತೆ ಒಂದು ನಾಟಕದ ಹೆಸರೂ ಬರುತ್ತದೆ, ಬರೆದವರು ಶಾಂತಾ ರಾಮರಾವ್ ಎಂದೆ. 1960ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮೊದಲು ಆಡಿದ ನಾಟಕ, ಫಾರ್ಸ್ಟರ್ ಕೂಡ ಮೆಚ್ಚಿದ್ದ. ಆಕೆಯ ತಂದೆ ಮಂಗಳೂರಿನ ಬೆನಗಲ್ ರಾಮರಾವ್, ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು. ಸಿನಿಮಾ ಮಾಡಲು ಸತ್ಯಜಿತ್ ರಾಯ್ ಆಸೆಪಟ್ಟು ಕೇಳಿದ್ದಕ್ಕೆ ಫಾರ್ಸ್ಟರ್ ಒಲ್ಲೆ ಎಂದಿದ್ದ, ನಾಟಕ ಮಾಡಲು ಮಂಗಳೂರು ಕಡೆಯ ಹೆಣ್ಣುಮಗಳಿಗೆ ಹೂಂ ಎಂದಿದ್ದ. ಇಬ್ಬರೂ ನನ್ನನ್ನು ಒಂದು ಕ್ಷಣ ಗೌರವದಿಂದ ನೋಡಿ, ಮತ್ತೆ ತಮ್ಮ ಜಗಳಕ್ಕೆ ಹೋದರು.

ಮೊಮ್ಮಗಳು: ಆ ಕಡೆಯಿಂದ ಬಂದಿದ್ದ ದೊರೆ ಕತೆ ಹೇಳ್ತೀನಿ ಅಂದ್ರಿ.

ತಾತ: ಹೂಂ. ನಾನು ಹುಟ್ಟೋಕೆ ಮುಂಚಿನ ಮಾತು, ನಮ್ಮಮ್ಮ ಹೇಳ್ತಿದ್ದಿದ್ದು. ನಮ್ಮಪ್ಪನ ಆಫೀಸಿನ ದೊರೆ ಒಬ್ಬ, ಒಳ್ಳೆ ಮನುಷ್ಯ, ಅಪ್ಪನ ಮೇಲೆ ವಿಶ್ವಾಸ. ಯುಗಾದಿ ದಿನ ನಿಮ್ಮ ಮನೆಗೆ ಬರ್ತೀನಿ ಅಂತ ಹೇಳಿ ಬಂದೇಬಿಟ್ಟ. ಪೇಟೆ ಬೀದಿಗೆಲ್ಲ ಜಾತ್ರೆ. ಜಗಲಿ ಮೇಲೆ ಕುರ್ಚಿ ಹಾಕಿದ್ರು. ಮನೇಲಿ ಎಲ್ಲಾ ಹಿತ್ತಾಳೆ, ಬೆಳ್ಳಿ ಲೋಟ. ಅದರಲ್ಲಿ ಕೊಡೋ ಹಾಗಿಲ್ಲವಲ್ಲ, ಮಡಿ. ಅಪ್ಪ ಮುಂಚಿನ ದಿನವೇ ದಂಡಿಗೆ ಹೋಗಿ ಒಂದು ಪಿಂಗಾಣಿ ಕಪ್ಪು, ಸಾಸರು ತಂದಿದ್ರು. ನೀಲಿ ಅಂಚು. ಹೋಳಿಗೆ ಬಾಳೆಲೆ ಚೂರಿನ ಮೇಲೆ ಕೊಟ್ರು, ಕಾಫಿ ಕಪ್ಪಲ್ಲಿ ಕೊಟ್ರು. ಅವನು ಅದನ್ನ ವಿಶೇಷ ಮರ್ಯಾದೆ ಅಂದ್ಕೊಂಡ. ನಮ್ಮ ಕ್ಲರ್ಕು ನನಗೋಸ್ಕರ ಇಂಗ್ಲಿಷ್ ಕಪ್ಪು ತರಿಸಿದಾನೆ ಅಂತ ಕಣ್ಣಲ್ಲಿ ನೀರು ಬಂತಂತೆ.

ಮೊಮ್ಮಗಳು: (ನಕ್ಕು) ಕಾಲರ್ ಗುಂಡಿ ಉಲ್ಟಾ ಆಯ್ತು.

ತಾತ: ಉಲ್ಟಾನೇ. ಅಲ್ಲಿ ಪ್ರೀತೀನ ತಾತ್ಸಾರ ಅಂತ ಓದಿದ್ರು. ಇಲ್ಲಿ ಮಡೀನ ಪ್ರೀತಿ ಅಂತ ಓದ್ದ. ಆದ್ರೆ ನೋಡು, ಅಪ್ಪ ದುಡ್ಡು ಕೊಟ್ಟು ಕಪ್ಪು ತಂದಿದ್ದು ಪ್ರೀತಿಗೂ ಹೌದು. ಎರಡೂ ಸೇರ್ಕೊಂಡೇ ಇರತ್ತೆ.

ಮೊಮ್ಮಗಳು: ಅವನು ಹೋದ ಮೇಲೆ ಆ ಕಪ್ಪು?

ತಾತ: ಜಗಲೀಗೆ ನೀರು ಹಾಕಿ ಸಾರಿಸಿದ್ರು. ಕಪ್ಪು ಒಳಗೆ ಬರಲಿಲ್ಲ. ಹಿತ್ತಲ ಗೋಡೆ ಗೂಡಲ್ಲಿ ಇಟ್ರು.

ಮೊಮ್ಮಗಳು: ಅಲ್ಲೇ ಇತ್ತಾ?

ತಾತ: ಇತ್ತು. ನಾನೂ ನೋಡಿದೀನಿ ಅದನ್ನ. ನೀಲಿ ಅಂಚು ಅಂದ್ನಲ್ಲ, ನೋಡಿದ್ದಕ್ಕೇ ಗೊತ್ತು. ಹಿತ್ತಲ ಬಾಗಿಲಿಗೆ ಕಕ್ಕಸು ಬಳಿಯೋಕೆ ಒಬ್ಬಾಕೆ ಬರೋಳು. ಅವಳಿಗೆ ಕಾಫಿ ಹುಯ್ಯೋದು ಅದಕ್ಕೇ. ಎತ್ತರದಿಂದ ಹುಯ್ಯೋರು.

ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಈ ಕಪ್ಪಿನ ವಿಷಯ ನನಗೂ ಗೊತ್ತಿರಲಿಲ್ಲ. ನಾನು ಕೇಳುತ್ತ ಬಂದಿದ್ದ ಯುಗಾದಿಯ ಕತೆ ದೊರೆ ಕೈಕುಲುಕಿ ಹೊರಡುವಲ್ಲಿಗೆ ಮುಗಿಯುತ್ತಿತ್ತು.

ಮೊಮ್ಮಗಳು: ದೊರೆಗೂ ಅವಳಿಗೂ ಒಂದೇ ಕಪ್ಪು.

ತಾತ: ಒಂದೇ ಕಪ್ಪು. ಅವನಿಗದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತೋ ಏನೋ. ನೀನು ಅಷ್ಟೊತ್ತಿಂದ ಬಿಳಿಯರ ಪೂರ್ವಗ್ರಹ ಅಂತಿದ್ದೆ, ಅದಕ್ಕೇ ಹೇಳಿದೆ. ಹುಲ್ಲುಹಾಸಿನ ನಮ್ಮ ಕಡೇಲೂ ಗೆರೆಗಳಿದ್ವು.

ಮೊಮ್ಮಗಳು: ಇದನ್ನ ಹೇಳಿ ನೀವು ಅವರನ್ನ ಪಾರು ಮಾಡ್ತಿದ್ದೀರಿ ತಾತ. ನಮ್ಮಲ್ಲೂ ಇತ್ತಲ್ಲ ಅಂದುಬಿಟ್ರೆ ಅವರ ಲೆಕ್ಕ ಚುಕ್ತಾ ಆಗತ್ತಾ? ಸಾಹೇಬರು ಇದನ್ನೇ ಹೇಳ್ತಿದ್ರು, ನೀವೇ ಒಬ್ಬರನ್ನೊಬ್ಬರು ಮುಟ್ಟಲ್ಲ, ಅದಕ್ಕೇ ನಾವು ಇರಬೇಕು ಅಂತ.

ತಾತ: ಲೆಕ್ಕ ಚುಕ್ತಾ ಅಂತ ಯಾರಂದ್ರು? ಎರಡೂ ಲೆಕ್ಕ ಬೇರೆ ಬೇರೆ ಪುಸ್ತಕದಲ್ಲಿದೆ. ನೀನು ಒಂದೇ ಪುಸ್ತಕ ತೆಗೀತಿದ್ದೀಯ ಅಂದೆ, ಅಷ್ಟೇ.

ಮೊಮ್ಮಗಳು: ಎರಡನೇದನ್ನೂ ತೆಗೆದವನು ಫಾರ್ಸ್ಟರ್. ಕೋರ್ಟಿನಲ್ಲಿ ಪಂಖಾ ಎಳೆಯೋನು ಒಬ್ಬ ಇದಾನಲ್ಲ. ಮೈಮೇಲೆ ಬಟ್ಟೆ ಇಲ್ಲ, ಯಾವ ಜಾತಿಗೂ ಸೇರದೋನು, ಆದ್ರೆ ದೇವರ ಹಾಗೆ ಇದಾನೆ ಅಂತ ಬರೀತಾನೆ. ಅಡೆಲಾ ಕಣ್ಣು ಮೊದಲು ಬೀಳೋದು ಅವನ ಮೇಲೆ. ಕೇಸು ಮುಗಿದು, ಒಂದು ಕಡೆ ಜೈಕಾರ, ಇನ್ನೊಂದು ಕಡೆ ಬೈಗುಳ, ಎಲ್ಲಾ ಹೊರಟು ಹೋದ ಮೇಲೂ ಅವನು ಖಾಲಿ ಕೋಣೇಲಿ ಹಗ್ಗ ಎಳೀತಾನೇ ಇರ್ತಾನೆ. ಏನು ನಡೀತು ಅಂತಲೇ ಗೊತ್ತಿಲ್ಲ ಅವನಿಗೆ. ಹನ್ನೊಂದು ವರ್ಷ ಆದ್ಮೇಲೆ, 1935ರಲ್ಲಿ, ಮುಲ್ಕ್ ರಾಜ್ ಆನಂದರ ‘ಅನ್‌ಟಚಬಲ್’ಗೆ ಮುನ್ನುಡಿ ಬರೆದವನೂ ಅವನೇ. ಅದರ ನಾಯಕ ಕಕ್ಕಸು ಬಳಿಯೋ ಹುಡುಗ.

ತಾತ: ನೋಡಿದ್ಯಾ, ನಿನ್ನ ಬಾಯಿಂದಲೇ ಬಂತು. ನಮ್ಮ ಹಿತ್ತಲ ಬಾಗಿಲಿಗೆ ಬರೋಳನ್ನ ನಮ್ಮಪ್ಪ ನೋಡಲಿಲ್ಲ. ಅಂಥೋರನ್ನ ಒಬ್ಬ ಸಾಹೇಬ ನೋಡ್ದ.

ಮೊಮ್ಮಗಳು: ನೋಡ್ದ. ಮಾತಾಡಿಸಲಿಲ್ಲ. ಪಂಖಾ ಎಳೆಯೋನಿಗೆ ಕಾದಂಬರೀಲಿ ಒಂದು ಹೆಸರೂ ಇಲ್ಲ, ಒಂದು ಮಾತೂ ಇಲ್ಲ. ಅಜೀಜ್, ಫೀಲ್ಡಿಂಗ್ ಸ್ನೇಹ ಆಗಬಹುದಾ ಅಂತ ನಾವು ನೂರು ವರ್ಷದಿಂದ ಕೇಳ್ತಾ ಇದ್ದೀವಿ. ಪಂಖಾದೋನ ಜತೆ ಅಜೀಜ್ ಸ್ನೇಹ ಆಗಬಹುದಾ ಅಂತ ಫಾರ್ಸ್ಟರೂ ಕೇಳಲಿಲ್ಲ, ನಾನೂ ಇವತ್ತಿನವರೆಗೆ ಕೇಳಿರಲಿಲ್ಲ.

ತಾತ: ಆ ಕಕ್ಕಸಿನಾಕೆ ಹೆಸರೇನು ಅಂತ ನೆನಪು ಮಾಡ್ಕೋತಾ ಇದೀನಿ ಅಷ್ಟೊತ್ತಿಂದ. ಬರ್ತಿಲ್ಲ.

ಸಾವನದುರ್ಗ ಕಂಡಿತು. ಈ ಬಂಡೆಯ ಮುಂದೆ ಕಾರು ನಿಲ್ಲಿಸಿದಾಗಲೆಲ್ಲ ಮಾತು ತಾನಾಗೇ ಸಣ್ಣದಾಗುತ್ತದೆ. ಸಮುದ್ರಮಟ್ಟದಿಂದ 1,226 ಮೀಟರ್, ಒಂದೇ ಕಲ್ಲೇನೋ ಎನ್ನುವ ಹಾಗೆ. ಊರವರು ಇದನ್ನು ಎರಡಾಗಿ ಹೇಳುತ್ತಾರೆ, ಕರಿಗುಡ್ಡ ಮತ್ತು ಬಿಳಿಗುಡ್ಡ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಈ ಕೋಟೆ ಕಿತ್ತುಕೊಂಡಿತ್ತು. ಸುಮಾರು ಇನ್ನೂರು ವರ್ಷಕ್ಕೆ ಲೀನ್ ಬಂದ. ಬಿಹಾರದ ನಿಜವಾದ ಬರಾಬರ್ ಗುಡ್ಡ ಹೋಗಿ ನೋಡಿದವನಿಗೆ ಅದು ತೀರ ಚಪ್ಪಟೆ ಎನಿಸಿತಂತೆ. ಹಾಗಾಗಿ ಸಾವನದುರ್ಗ, ರಾಮದೇವರಬೆಟ್ಟಗಳನ್ನೇ ಮರಬಾರ್ ಮಾಡಿದ. ರಾಮನಗರದ ಆ ಬಂಡೆಗಳಿಗೆ ಇದೇನೂ ಹೊಸದಲ್ಲ, ಹತ್ತು ವರ್ಷ ಮೊದಲು ಅಲ್ಲೇ ‘ಶೋಲೆ’ಯ ಗಬ್ಬರ್ ಸಿಂಗ್ ಕೂತಿದ್ದ. ಗುಹೆ ಬೇಕಲ್ಲ, ಬಂಡೆಯಲ್ಲಿ ಬಾಯಿಗಳನ್ನಷ್ಟೇ ಕೊರೆಸಿದರು.

ಮೊಮ್ಮಗಳು: ಅಂದ್ರೆ ಒಳಗೆ ಏನೂ ಇಲ್ಲ?

ತಾತ: ಒಳಗೆ ಯಾಕೆ ಇರಬೇಕು? ಆ ಹುಡುಗಿ ಒಳಗೆ ಹೋಗೋದು, ಹೊರಗೆ ಓಡಿ ಬರೋದು ಕಂಡ್ರೆ ಸಾಕು.

ಮೊಮ್ಮಗಳು: ಅಶೋಕನ ಕಾಲದೋರು ಬರಾಬರ್‌ನಲ್ಲಿ ಆಜೀವಿಕ ಸನ್ಯಾಸಿಗಳಿಗೆ ಗುಹೆ ಕೊರೆದು, ಗೋಡೆ ಕನ್ನಡಿ ಹಾಗೆ ನುಣುಪು ಮಾಡಿದ್ರು. ಒಂದು ಮಾತಾಡಿದ್ರೆ ಗುಂಯ್ ಅಂತ ಸುತ್ತತ್ತಂತೆ. ಫಾರ್ಸ್ಟರ್‌ಗೆ ಬೇಕಾಗಿದ್ದೇ ಆ ಪ್ರತಿಧ್ವನಿ, ಏನು ಕೂಗಿದ್ರೂ ಒಂದೇ ಸದ್ದು ವಾಪಸ್ ಬರೋದು. ಇಲ್ಲಿ ಬರೀ ಬಾಯಿ. ಸಿನಿಮಾ ಪೂರ್ತಿ ಹಾಗೇ ಇದೆ ಅನ್ನಿಸ್ತು ನಂಗೆ.

ತಾತ: ಬಾಯಾದ್ರೂ ಕೊರೆದ್ರಲ್ಲ. ನೀನು ಪುಸ್ತಕ ಹುಡುಕಿ ಓದಿದ್ದೇ ನನ್ನ ಸಿನಿಮಾ ಕತೆ ಕೇಳಿ. ಹೌದೋ ಅಲ್ವೋ?

ಮೊಮ್ಮಗಳು: ಹೌದು. ಅದಿರಲಿ, ನಿನ್ನೆ ಕೇಳೋಕೆ ಮರೆತೆ. ಸಿನಿಮಾದಲ್ಲಿ ನೀವೆಲ್ಲಿ?

ತಾತ: ಬಜಾರಿನಲ್ಲಿ. ಸಾಹೇಬರ ಕಾರು ಬರತ್ತೆ, ಜನ ಸರೀತಾರೆ ನೋಡು, ಅಲ್ಲಿ. ಕ್ಯಾಮೆರಾ ನನ್ನ ಕಡೆ ತಿರುಗೋ ಹೊತ್ತಿಗೆ ಸರಿಯಾಗಿ ಪೇಟ ಜಾರಿತು. ಹಿಡ್ಕೊಳ್ಳೋಕೆ ತಿರುಗಿದೆ. ಬೆನ್ನು ಮಾತ್ರ ಬಿದ್ದಿದೆ.

ಮೊಮ್ಮಗಳು: ನಿಮ್ಮ ಬೆನ್ನು ಅಂತ ಹೇಗೆ ಗೊತ್ತು?

ತಾತ: ಕೆಂಪು ಪೇಟ.

ಮೊಮ್ಮಗಳು: ಕೆಂಪು ಪೇಟದೋರು ಅಲ್ಲಿ ತುಂಬಾ ಜನ ಇದ್ದಾರೆ ತಾತ.

ತಾತ: ಅವರಲ್ಲೇ ಒಬ್ಬ.